ಉಂಡ ಮನೆ, ಕೊಟ್ಟ ಬಿಲ್

ನಾವು ಐದು ಜನ. ಥಾಣೆ-ಬೇಲಾಪುರ ರಸ್ತೆಯ ಅಕ್ಕಪಕ್ಕದ ಕಚೇರಿಗಳಲ್ಲಿ ದುಡಿಯುವವರು, ಎಲ್ಲರೂ ಕರ್ನಾಟಕದಿಂದ ಬಂದವರು. ಭಾನುವಾರ ಮಧ್ಯಾಹ್ನ ಒಟ್ಟಿಗೆ ಹೊರಗೆ ಉಣ್ಣುವುದು ನಮ್ಮ ರೂಢಿ. ಅದಕ್ಕೆ ಒಂದೇ ನಿಯಮ: ಒಮ್ಮೆ ಹೋದ ಜಾಗಕ್ಕೆ ಎರಡನೇ ಸಲ ಹೋಗುವಂತಿಲ್ಲ. ಹೀಗೆ ಥಾಣೆಯಲ್ಲಿ ಮಾಮಲೇದಾರ್ ಮಿಸಳ್ ತಿಂದು ಕಣ್ಣಲ್ಲಿ ನೀರು ಹಾಕಿದ್ದೇವೆ. ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಸಾಲಿನಲ್ಲಿ ಕಾದು ಬಾಳೆಲೆ ಊಟ ಮಾಡಿದ್ದೇವೆ. ಚಳಿಗಾಲದ ಆಗ್ರಿ-ಕೋಳಿ ಮಹೋತ್ಸವದಲ್ಲಿ ಅಕ್ಕಿಹಿಟ್ಟಿನ ಭಾಕರಿಯ ಜೊತೆ ಬೊಂಬಿಲ್ ಮೀನು ಹೊಡೆದು, ನಾವು ಬಾಡಿಗೆಗಿರುವ ಸೆಕ್ಟರುಗಳು ಒಂದು ಕಾಲಕ್ಕೆ ಇದೇ ಅಡುಗೆಯ ಹೆಂಗಸರ ಗದ್ದೆಗಳಾಗಿದ್ದವು ಎಂದು ಸಿಡ್ಕೋ ಇತಿಹಾಸ ಮಾತಾಡಿದ್ದೇವೆ. ಊಟ ಮುಗಿದ ಮೇಲೆ ಸರದಿಯ ಪ್ರಕಾರ ಒಬ್ಬರು ಮೊಬೈಲಿನಲ್ಲಿ ರಿವ್ಯೂ ಬರೆಯಬೇಕು. ಒಂದು ಜೂನ್ ತಿಂಗಳ ಭಾನುವಾರ ಆ ಸರದಿ ನನ್ನದಾಗಿತ್ತು.

ಹೋದದ್ದು ತುರ್ಭೆ ನಾಕಾದಿಂದ ಸ್ವಲ್ಪ ಒಳಗಿನ ಒಂದು ಚಿಕ್ಕ ಉಡುಪಿ ಹೋಟೆಲಿಗೆ. ಎಂಟು ಮೇಜು, ಗೋಡೆಗೆ ಕೃಷ್ಣನ ಪಟ, ಗಲ್ಲಾದ ಮೇಲೆ ಅರವತ್ತು ದಾಟಿದ ಒಬ್ಬರು. ಇಡ್ಲಿ ಬರಲು ಅರ್ಧ ಗಂಟೆ ಹಿಡಿಯಿತು. ಸಾಂಬಾರ್ ಸಿಹಿ. ನಾನು ಎರಡು ಸ್ಟಾರ್ ಕೊಟ್ಟು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದೆ. ಸಾಂಬಾರಿಗೆ ಬೆಲ್ಲದ ಮೂಟೆ ಬಿದ್ದಿರಬೇಕು, ಇಡ್ಲಿ ಬರುವಷ್ಟರಲ್ಲಿ ಹಸಿವೇ ಸತ್ತಿತ್ತು, ಇಂಥ ಹೋಟೆಲ್ ಬೆಂಗಳೂರಿನಲ್ಲಿದ್ದರೆ ಒಂದು ವಾರದಲ್ಲಿ ಬಾಗಿಲು ಹಾಕುತ್ತಿತ್ತು ಎಂಬರ್ಥ ಬರುವಂತೆ. ಕೊನೆಯ ಸಾಲಿಗೆ ಗೆಳೆಯರು ಚೆನ್ನಾಗಿ ನಕ್ಕರು. ನಿಜ ಹೇಳಬೇಕೆಂದರೆ ಆ ಸಾಲು ಬರೆದದ್ದೇ ಅವರು ನಗಲಿ ಎಂದು.

ಆಗಸ್ಟಿನ ಒಂದು ಸಂಜೆ ಮಳೆಗೆ ಟ್ರಾನ್ಸ್-ಹಾರ್ಬರ್ ರೈಲು ನಿಂತಿತು. ತುರ್ಭೆ ಸ್ಟೇಷನ್ನಿನಿಂದ ಹೊರಬಂದು ರಿಕ್ಷಾ ಸಿಗದೆ, ತೊಯ್ದು ತೊಪ್ಪೆಯಾಗಿ ಅದೇ ಹೋಟೆಲಿಗೆ ನುಗ್ಗಿದೆ. ಫೋನಿನಲ್ಲಿ ಮನೆಯವರ ಜೊತೆ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡ ಗಲ್ಲಾದ ಹಿರಿಯರು ಚಹಾ ಕಳಿಸಿ, ತಾವೇ ಎದ್ದು ಬಂದರು.

"ನೀವು ಊರಿನವರಾ?"

"ಹಾಸನದ ಕಡೆ ಅಣ್ಣ."

"ಕನ್ನಡದವರಲ್ಲ, ಸಾಕು. ಇಂಗ್ಲಿಷ್ ಓದ್ಲಿಕ್ಕೆ ಬರ್ತದಲ್ವಾ ನಿಮಗೆ? ಇದೊಂದು ಎಂತ ಬರೆದಿದ್ದಾರೆ ಅಂತ ಓದಿ ಹೇಳಿ ಮಾರಾಯ್ರೆ. ನಮ್ಮ ಹುಡುಗ ಪೂರ್ತಿ ಹೇಳುದಿಲ್ಲ. ನನಗೆ ಬೇಜಾರಾಗ್ತದೆ ಅಂತ ನುಂಗಿ ಹೇಳ್ತಾನೆ."

ಮೊಬೈಲ್ ಮುಂದೆ ಹಿಡಿದರು. ನನ್ನದೇ ನಾಲ್ಕು ಸಾಲು. ಅಲ್ಲಿ ನನ್ನ ಹೆಸರಿರಲಿಲ್ಲ, ಒಂದು ಅಡ್ಡಹೆಸರಿತ್ತು.

ಓದಿದೆ. ಸಾಂಬಾರ್ ಸ್ವಲ್ಪ ಸಿಹಿ ಅನಿಸಿತಂತೆ ಎಂದೆ. ಇಡ್ಲಿ ಸ್ವಲ್ಪ ತಡವಾಯಿತಂತೆ ಎಂದೆ. ಕೊನೆಯ ಸಾಲನ್ನು ಹೇಳಲೇ ಇಲ್ಲ. ಅವರು, "ಅಷ್ಟೆಯಾ? ಅಷ್ಟಕ್ಕೆ ಎರಡೇ ಸ್ಟಾರಾ?" ಎಂದು ಕೇಳಿದರು. ಆಮೇಲೆ ತಾವಾಗಿಯೇ ಹೇಳಿದರು. ಸಿಹಿ ಇಲ್ಲಿನವರಿಗೆ ಬೇಕು. ಮಾರ್ಕೆಟ್ಟಿನ ಗುಜರಾತಿ ದಲಾಲರು ಮೂವತ್ತು ವರ್ಷದಿಂದ ಇದೇ ಸಾಂಬಾರಿಗೆ ಬರುತ್ತಾರೆ, ಖಾರ ಮಾಡಿದರೆ ಅವರು ಬಿಡುತ್ತಾರೆ. ಜೂನಿನಲ್ಲಿ ಅಡುಗೆಯವರಿಬ್ಬರು ನಾಟಿಗೆಂದು ಊರಿಗೆ ಹೋಗುತ್ತಾರೆ, ಆಗ ಒಳಗೆ ಒಬ್ಬನೇ. ಇದನ್ನೆಲ್ಲ ಅವರು ದೂರಿನ ದನಿಯಲ್ಲಿ ಹೇಳಲಿಲ್ಲ, ಲೆಕ್ಕ ಒಪ್ಪಿಸುವವರಂತೆ ಹೇಳಿದರು. ಒಪ್ಪಿಸುತ್ತಿದ್ದುದು ಯಾರಿಗೆ ಎಂದು ಅವರಿಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಇದನ್ನು ಗೆಳೆಯರಿಗೆ ಹೇಳಿದಾಗ ಎರಡು ಪಕ್ಷವಾಯಿತು. ಒಬ್ಬನ ವಾದ ಸರಳ: ದುಡ್ಡು ಕೊಟ್ಟು ತಿಂದಿದ್ದೀಯ, ಅನಿಸಿದ್ದು ಬರೆದಿದ್ದೀಯ, ನಿನ್ನ ತಪ್ಪೇನಿದ್ದರೂ ಅದು ಸುಳ್ಳು ಅನುವಾದ ಮಾಡಿದ್ದು. ಇನ್ನೊಬ್ಬಳು ಹೇಳಿದ್ದು ಒಂದೇ ಮಾತು: ಉಂಡ ಮನೆಗೆ ಎರಡು ಬಗೆಯಬಾರದು. ಅದಕ್ಕೆ ಮೊದಲಿನವನು ಕೇಳಿದ ಪ್ರಶ್ನೆ ಆವತ್ತಿನಿಂದ ನನ್ನನ್ನು ಬಿಟ್ಟಿಲ್ಲ. "ಹೋಟೆಲು ಉಂಡ ಮನೆ ಹೇಗಾಗುತ್ತೆ?"

ನಮ್ಮ ಹಳೆಯ ಬುದ್ಧಿಗೆ ಈ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಅನ್ನದ ಋಣ ಎನ್ನುತ್ತೇವೆ, ಅನ್ನದ ಬೆಲೆ ಎಂದು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರನ್ನು ಎಲ್ಲರೂ ಕೇಳಿರುತ್ತಾರೆ. ಶತಪಥ ಬ್ರಾಹ್ಮಣ ನಾಲ್ಕನೆಯದೊಂದನ್ನು ಸೇರಿಸುತ್ತದೆ, ಮನುಷ್ಯಋಣ. ಮನುಷ್ಯರಿಗೆ ತಂಗಲು ಜಾಗ ಮತ್ತು ತಿನ್ನಲು ಅನ್ನ ಕೊಟ್ಟು ಅದನ್ನು ತೀರಿಸಬೇಕು. ಅಂದರೆ ಉಣ್ಣಿಸುವವನೇ ಸಾಲಗಾರ! ಉಂಡವನದೂ ಋಣ, ಉಣ್ಣಿಸಿದವನದೂ ಋಣ. ಇದರಲ್ಲಿ ಬಿಲ್ಲಿಗೆ ಜಾಗವೆಲ್ಲಿ? ಅನ್ನ ಮಾರುವುದು ಕೀಳು ಎಂಬ ಭಾವನೆ ಹೋದ ಶತಮಾನದಲ್ಲೂ ಬಲವಾಗಿತ್ತು. ಕಾರಂತರ 'ಮರಳಿ ಮಣ್ಣಿಗೆ' ಓದಿದವರಿಗೆ, ಕರಾವಳಿಯ ವೈದಿಕ ಮನೆತನದವರು ಬೆಂಗಳೂರಿಗೆ ಹೋಗಿ ಹೋಟೆಲು ಇಟ್ಟಾಗ ಊರಿನಲ್ಲಿ ಎದ್ದ ಮುಜುಗರ ಮತ್ತು ಅಸೂಯೆ ಎರಡೂ ನೆನಪಿರಬಹುದು. ಮಠದ ಪಂಕ್ತಿಯಲ್ಲಿ ಪುಕ್ಕಟೆ ಬಡಿಸುತ್ತಿದ್ದ ಅದೇ ಸಾರು, ಅದೇ ಕೈ, ಪೇಟೆಯಲ್ಲಿ ಕಾಸಿಗೆ ಬಡಿಸಿದರೆ ಪತನ.

ಆದರೆ ಆ ಪುಕ್ಕಟೆ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದನ್ನು ಹುಟ್ಟು ತೀರ್ಮಾನಿಸುತ್ತಿತ್ತು. ಎಷ್ಟೋ ಜನಕ್ಕೆ ಕೂರುವ ಮಾತೇ ಇರಲಿಲ್ಲ. ಈ ಒಂದು ಸಂಗತಿ ನೆನಪಾದ ಕೂಡಲೇ ಋಣದ ಬಗ್ಗೆ ನನ್ನ ಭಕ್ತಿ ಅರ್ಧ ಇಳಿಯುತ್ತದೆ. ಮನೆಗೆ ಕರೆದು ಉಣ್ಣಿಸುವವನಿಗೆ, ಕರೆಯದಿರುವ ಅಧಿಕಾರವೂ ಇರುತ್ತದೆ. ಹೋಟೆಲಿನ ಬಿಲ್ ಆ ಅಧಿಕಾರವನ್ನು ಕಿತ್ತುಕೊಂಡಿತು. ತಕ್ಷಣವೇನಲ್ಲ. ಬ್ರಾಹ್ಮಣರಿಗೆ ಬೇರೆ ಕೋಣೆ ಇಟ್ಟ ಹೋಟೆಲುಗಳಿದ್ದವು, ಮದರಾಸಿನಲ್ಲಿ ಹೋಟೆಲೊಂದರ ಹೆಸರಿನ ಜೊತೆಗಿದ್ದ 'ಬ್ರಾಹ್ಮಣಾಳ್' ಎಂಬ ಪದವನ್ನು ಅಳಿಸಲು 1957ರಲ್ಲಿ ಪೆರಿಯಾರರ ಕಡೆಯವರು ದಿನದಿನವೂ ಪಿಕೆಟಿಂಗ್ ಮಾಡಿ ಜೈಲಿಗೆ ಹೋಗಬೇಕಾಯಿತು. ಆದರೂ ದಿಕ್ಕು ಅದೇ. ಇವತ್ತು ತುರ್ಭೆ ನಾಕಾದಲ್ಲಿ ಬೆಳಿಗ್ಗೆ ಕೂಲಿಗೆ ನಿಲ್ಲುವ ಕಲಬುರಗಿ ಕಡೆಯ ಗೌಂಡಿ, ಎಪಿಎಂಸಿಯಲ್ಲಿ ರಾತ್ರಿಯೆಲ್ಲ ಮೂಟೆ ಹೊತ್ತ ಮಾಥಾಡಿ, ಮತ್ತು ಲ್ಯಾಪ್‌ಟಾಪ್ ಚೀಲದ ನಾನು ಒಂದೇ ಮೇಜಿನ ಮೂರು ಕುರ್ಚಿಗಳಲ್ಲಿ ಕೂತು, ಯಾರಿಗೂ ಯಾರ ಕುಲವೂ ತಿಳಿಯದೆ ರೈಸ್‌ಪ್ಲೇಟ್ ತಿನ್ನುತ್ತೇವೆ. ನಮ್ಮಜ್ಜಿಯ ಮನೆಯಲ್ಲಿ ಇದು ಸಾಧ್ಯವಿರಲಿಲ್ಲ. ಬಿಲ್ ಕೊಟ್ಟು, ಯಾರಿಗೂ ತಲೆ ತಗ್ಗಿಸದೆ ಎದ್ದು ಹೋಗುವ ಸ್ವಾತಂತ್ರ್ಯ ಸಣ್ಣದಲ್ಲ. ದುಡ್ಡು ಕೊಟ್ಟರೆ ಲೆಕ್ಕ ಚುಕ್ತಾ ಎನ್ನುವ ಗೆಳೆಯನ ಮಾತಿನ ಹಿಂದೆ ಇಷ್ಟು ದೊಡ್ಡ ನ್ಯಾಯವಿದೆ, ಅವನಿಗೆ ಗೊತ್ತಿಲ್ಲದಿದ್ದರೂ.

ಚುಕ್ತಾ ಆದ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಮಾಟುಂಗಾದ ಕೆಫೆ ಮೈಸೂರು 1936ರದ್ದು, ರಾಮ ನಾಯಕರ ಬೋರ್ಡಿಂಗ್ 1942ರದ್ದು. ಅಂದಿನಿಂದ ಮುಂಬಯಿಯ ಗುಮಾಸ್ತರು, ಗಿರಣಿಯವರು, ವಿದ್ಯಾರ್ಥಿಗಳು ಉಡುಪಿ ಹೋಟೆಲುಗಳಲ್ಲಿ ತಿಂದೇ ಬೆಳೆದರು. 1966ರಲ್ಲಿ ಶಿವಸೇನೆ ಹುಟ್ಟಿ, ಲುಂಗಿಯವರನ್ನು ಓಡಿಸಿ ಎಂಬ ಕೂಗೆದ್ದಾಗ ಕಲ್ಲು ಬಿದ್ದದ್ದು ಇವೇ ಹೋಟೆಲುಗಳ ಮೇಲೆ. ಎಸೆದವರಲ್ಲಿ ಒಬ್ಬರಾದರೂ ಅದೇ ಮೇಜಿನಲ್ಲಿ ದೋಸೆ ತಿಂದಿರಲಿಲ್ಲವೇ? ತಿಂದಿದ್ದರೆ, ಅವರ ಸಮರ್ಥನೆಯೂ ಇದೇ ಆಗಿರುತ್ತಿತ್ತು: ಪುಕ್ಕಟೆ ತಿಂದಿಲ್ಲ, ದುಡ್ಡು ಕೊಟ್ಟಿದ್ದೇವೆ. ನನ್ನ ನಾಲ್ಕು ಸಾಲನ್ನು ಆ ಕಲ್ಲಿಗೆ ಹೋಲಿಸುವಷ್ಟು ನಾಟಕ ನನಗೆ ಬೇಡ. ಆದರೆ ಸಮರ್ಥನೆಯ ವಾಕ್ಯ ಒಂದೇ ಎಂಬುದು ಕಿರಿಕಿರಿ ಮಾಡುತ್ತದೆ.

ಬೆಲೆಯ ಪಕ್ಷದ ದೊಡ್ಡ ವಕೀಲ ಆ್ಯಡಂ ಸ್ಮಿತ್. ಊಟ ನಮಗೆ ಸಿಗುವುದು ಕಟುಕನ, ಬಿಯರ್ ಕುದಿಸುವವನ, ರೊಟ್ಟಿ ಸುಡುವವನ ದಯೆಯಿಂದಲ್ಲ, ಅವರವರ ಸ್ವಂತ ಲಾಭದ ಲೆಕ್ಕದಿಂದ ಎಂದು 1776ರಲ್ಲಿ ಬರೆದ. ಅರ್ಥಶಾಸ್ತ್ರ ಓದಿದ ಎಲ್ಲರೂ ಇದನ್ನು ಉರು ಹೊಡೆದಿರುತ್ತಾರೆ. ನನಗೆ ಸ್ವಾರಸ್ಯವೆನಿಸುವುದು ಆ ಮೂವರಲ್ಲಿ ನಡುವಿನವನು, ಬಿಯರ್ ಕುದಿಸುವವನು. ಏಕೆಂದರೆ ಇವತ್ತು ನಮ್ಮ ಗುಂಪಿನವರು ಅವನ ಹತ್ತಿರ ಮಾತ್ರ ಗಿರಾಕಿಯ ಹಾಗೆ ವರ್ತಿಸುವುದಿಲ್ಲ, ಶಿಷ್ಯರ ಹಾಗೆ ವರ್ತಿಸುತ್ತಾರೆ.

ಮಹಾರಾಷ್ಟ್ರದಲ್ಲಿ ಈ ಹುಚ್ಚು ಶುರುವಾದದ್ದು 2009ರಲ್ಲಿ, ಪುಣೆಯ ಡೂಲಾಲಿಯಿಂದ. ಆಮೇಲೆ ನಮ್ಮ ಪಕ್ಕದ ಡೊಂಬಿವಲಿಯಲ್ಲೇ, ರಾಸಾಯನಿಕ ಕಾರ್ಖಾನೆಗಳ ಊರೆಂದು ಹೆಸರಾದಲ್ಲಿ, ಗೇಟ್‌ವೇ ಬ್ರೂಯಿಂಗ್ ಎಂಬವರು ಬಿಯರ್ ಮಾಡಿ ಮುಂಬಯಿಯ ಬಾರುಗಳಿಗೆ ಕಳಿಸತೊಡಗಿದರು. ಅವರ ಗೋಧಿ ಬಿಯರಿನ ಹೆಸರು ವೈಟ್ ಝೆನ್. ಇಂಥದ್ದನ್ನು ಕುಡಿಯಲು ಹೋದಾಗ ನಾವು ಹೇಗಿರುತ್ತೇವೆ ಗೊತ್ತೇ? ಬಾರಿನವನು ನಾಲ್ಕು ಪುಟ್ಟ ಗ್ಲಾಸುಗಳನ್ನು ಹಲಗೆಯ ಮೇಲಿಟ್ಟು ತರುತ್ತಾನೆ. ಬಾಳೆಹಣ್ಣಿನ ವಾಸನೆ ಬರುತ್ತಿದೆಯಲ್ಲ, ಹಣ್ಣು ಹಾಕಿದ್ದೀರಾ ಎಂದು ಕೇಳುತ್ತೇವೆ. ಇಲ್ಲ, ಅದು ಯೀಸ್ಟಿನ ಕೆಲಸ, ಹುದುಗುವಾಗ ಅದೇ ಬಾಳೆಹಣ್ಣಿನ, ಲವಂಗದ ಪರಿಮಳ ಹುಟ್ಟಿಸುತ್ತದೆ ಎಂದು ವಿವರಿಸುತ್ತಾನೆ. ಎಷ್ಟು ಡಿಗ್ರಿ, ಎಷ್ಟು ದಿನ, ಯಾವ ಊರಿನ ಬಾರ್ಲಿ ಎಂದೆಲ್ಲ ವಿಚಾರಿಸುತ್ತೇವೆ. ಒಂದು ಬಿಯರ್ ಹುಳಿಯಾಗಿದ್ದರೆ, ಕೆಟ್ಟಿದೆ ಎನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ನಮ್ಮ ನಾಲಿಗೆ ಇನ್ನೂ ಪಳಗಿಲ್ಲ ಎಂದುಕೊಳ್ಳುತ್ತೇವೆ. ಒಂದು ದೊಡ್ಡ ಗ್ಲಾಸಿಗೆ ನಾನೂರು ರೂಪಾಯಿಯ ಮೇಲೆ ಕೊಟ್ಟು, ಹೊರಡುವಾಗ ಧನ್ಯವಾದವನ್ನೂ ಹೇಳುತ್ತೇವೆ. (ಈ ರಾಜ್ಯದ ಅಬಕಾರಿ ಕಾನೂನು ಇಂದಿಗೂ 1949ರ ಪಾನನಿಷೇಧ ಕಾಯಿದೆಯೇ. ಕುಡಿಯುವವನ ಹತ್ತಿರ ಪರ್ಮಿಟ್ ಇರಬೇಕು, ಅದು ಆರೋಗ್ಯ ಕಾಪಾಡಿಕೊಳ್ಳುವ ಸಲುವಾಗಿ ಕೊಡುವ ಪರ್ಮಿಟ್. ಸರ್ಕಾರಕ್ಕೂ ನಮಗೂ ಇಬ್ಬರಿಗೂ ಇದು ಗೊತ್ತು, ಇಬ್ಬರೂ ಸುಮ್ಮನಿದ್ದೇವೆ.)

ಇಡ್ಲಿಯೂ ಹುದುಗಿನದೇ ಕೆಲಸ. ಅಲ್ಲಿ ಪೊಟ್ಟಣದ ಯೀಸ್ಟ್ ಕೂಡ ಇಲ್ಲ. ಉದ್ದಿನಲ್ಲಿ, ಅಕ್ಕಿಯಲ್ಲಿ, ಗಾಳಿಯಲ್ಲಿ, ಕೈಯಲ್ಲಿ ಇರುವ ಜೀವಿಗಳನ್ನೇ ನಂಬಿ ರಾತ್ರಿ ಹಿಟ್ಟು ಕಲಸಿಡಬೇಕು. ಮೇ ತಿಂಗಳ ಸೆಕೆಯಲ್ಲಿ ಅದು ಬೇಗ ಉಬ್ಬಿ ಹುಳಿಯಾಗುತ್ತದೆ, ಜನವರಿಯಲ್ಲಿ ಏಳುವುದೇ ಇಲ್ಲ. ನೀರು, ಉಪ್ಪು, ರುಬ್ಬುವ ಹೊತ್ತು ಎಲ್ಲವನ್ನೂ ದಿನದ ಹವೆ ನೋಡಿ ಬದಲಿಸಬೇಕು. ತುರ್ಭೆಯ ಆ ಒಳಗಿನ ಮನುಷ್ಯ ಇದನ್ನು ಥರ್ಮಾಮೀಟರ್ ಇಲ್ಲದೆ, ದಿನವೂ, ಬೆಳಿಗ್ಗೆ ಆರರ ಗಿರಾಕಿಗೆ ತಪ್ಪದಂತೆ ಮಾಡುತ್ತಾನೆ. ಅವನನ್ನು ನಾನು ಏನಾದರೂ ಕೇಳಿದ್ದೆನೇ? ಅವನ ಮುಖವನ್ನೂ ನೋಡಿರಲಿಲ್ಲ. ಬಿಯರಿನ ತೊಟ್ಟಿಗಳು ಗಾಜಿನ ಹಿಂದೆ ಬೆಳಕು ಹಾಕಿಸಿಕೊಂಡು ನಿಂತಿರುತ್ತವೆ, ಹಿಟ್ಟಿನ ಪಾತ್ರೆ ಮೋರಿಯ ಪಕ್ಕ ಕತ್ತಲಲ್ಲಿರುತ್ತದೆ. ಒಂದನ್ನು ಕ್ರಾಫ್ಟ್ ಅನ್ನುತ್ತೇವೆ, ಇನ್ನೊಂದನ್ನು ಟಿಫಿನ್ ಅನ್ನುತ್ತೇವೆ. ಒಂದರ ಕೊರತೆ ನಮ್ಮ ಅಜ್ಞಾನ, ಇನ್ನೊಂದರ ಕೊರತೆ ಅವರ ಅಸಡ್ಡೆ.

ಇಲ್ಲಿ ನನಗೆ ನನ್ನ ತಪ್ಪು ಸ್ವಲ್ಪ ಕಾಣತೊಡಗಿತು. ಸಾಂಬಾರ್ ಸಿಹಿ ಎಂದದ್ದು ತಪ್ಪಲ್ಲ. ಅದು ಸಿಹಿಯೇ. ಟೀಕೆಯೇ ಬೇಡ, ಉಂಡ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು ಎಂಬ ಗೆಳತಿಯ ಧರ್ಮವೂ ನನಗೆ ಒಗ್ಗುವುದಿಲ್ಲ. ಕೂಲಿಯ ದುಡ್ಡಿನಲ್ಲಿ ಊಟ ಮಾಡುವವನಿಗೆ ಎಲ್ಲಿ ಚೆನ್ನಾಗಿದೆ, ಎಲ್ಲಿ ಮೋಸ ಎಂದು ತಿಳಿಸುವುದು ಉಪಕಾರವೇ. ಜಾಹೀರಾತಿಗೆ ದುಡ್ಡಿಲ್ಲದ ಎಷ್ಟೋ ಒಳ್ಳೆಯ ಖಾನಾವಳಿಗಳು ನಾಲ್ಕು ಜನ ಬರೆದದ್ದರಿಂದಲೇ ಬದುಕಿವೆ. ಋಣದ ಹೆಸರಿನಲ್ಲಿ ಬಾಯಿ ಮುಚ್ಚಿಸುವುದು ನಮ್ಮಲ್ಲಿ ಹಳೆಯ ರೋಗ. ಒಡೆಯನ ಉಪ್ಪು ತಿಂದವನು ಒಡೆಯನ ತಪ್ಪು ಹೇಳಬಾರದು ಎಂದೇ ಎಷ್ಟು ತಲೆಮಾರು ಜೀತ ಮಾಡಿಸಿಲ್ಲ?

ನಾನು ಮಾಡಿದ್ದು ಬೇರೆ. ಒಂದು ತೀರ್ಪು ಕೊಟ್ಟೆ. ವಿಚಾರಣೆ ಇಲ್ಲದೆ ಕೊಟ್ಟೆ. ಅಲ್ಲಿದ್ದದ್ದು ಒಂದೇ ಗಂಟೆ. ಮತ್ತೆ ಬರುವುದಿಲ್ಲ ಎಂಬ ನಿಯಮ ಮಾಡಿಕೊಂಡೇ ಒಳಗೆ ಹೋಗಿದ್ದೆ. ಮತ್ತೆ ಬರುವವನಿಗೆ ನಾಲಿಗೆಯ ಮೇಲೆ ಒಂದು ಹಿಡಿತವಿರುತ್ತದೆ. ಮಾರ್ಕೆಟ್ಟಿನ ದಲಾಲನೂ ಸಾಂಬಾರನ್ನು ಬೈಯುತ್ತಾನಂತೆ, ಮುಖದೆದುರೇ, ಮರಾಠಿಯಲ್ಲಿ. ಮರುದಿನ ಮತ್ತೆ ಬರುತ್ತಾನೆ. ಅವನ ಬೈಗುಳಕ್ಕೆ ಮರುದಿನ ಎಂಬುದೊಂದಿದೆ. ನನ್ನ ಎರಡು ಸ್ಟಾರಿಗೆ ಮರುದಿನವಿರಲಿಲ್ಲ. ಊರನ್ನು ಹೊಟ್ಟೆಯಿಂದ ತಿಳಿಯುತ್ತೇವೆ ಎಂದು ಹೊರಟ ನಾವು, ಯಾವ ಜಾಗವೂ ನಮ್ಮನ್ನು ತಿಳಿಯದಂತೆ ಎಚ್ಚರ ವಹಿಸಿದ್ದೆವು.

ಇನ್ನೂ ಒಂದಿದೆ, ಇದೇ ನನ್ನನ್ನು ಹೆಚ್ಚು ಕಾಡುವುದು. ತೀರ್ಪು ಬರೆದ ಭಾಷೆ. ಆ ಹಿರಿಯರು ಮುಂಬಯಿಗೆ ಬಂದದ್ದು ಹದಿಮೂರನೇ ವಯಸ್ಸಿನಲ್ಲಿ, ಕೋಟೆ ಭಾಗದ ಒಂದು ಹೋಟೆಲಿಗೆ, ಲೋಟ ತೊಳೆಯಲು. ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದು ಎಂಬ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ. ಅವರ ಕಾಲಕ್ಕೆ ಇದ್ದದ್ದು ರಾತ್ರಿಶಾಲೆಯೊಂದೇ ದಾರಿ. ಸಂಘಸಂಸ್ಥೆಗಳು ನಡೆಸುತ್ತಿದ್ದ ಕನ್ನಡ ರಾತ್ರಿಶಾಲೆಗಳಿಂದಲೇ ಎಷ್ಟೋ ಮಾಣಿಗಳು ವಕೀಲರಾದರು, ಲೇಖಕರಾದರು, ಹೋಟೆಲಿನ ಮಾಲೀಕರಾದರು. ಇವರು ಎಂಟನೇ ಕ್ಲಾಸಿನವರೆಗೆ ಓದಿದರು, ಕನ್ನಡದಲ್ಲಿ. ಈಗಲೂ ಗಲ್ಲಾದ ಕೆಳಗೆ ಕನ್ನಡ ಪತ್ರಿಕೆ ಇರುತ್ತದೆ. ನಾನು ಆ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದಿದ್ದರೆ ಅವರೇ ಓದಿಕೊಳ್ಳುತ್ತಿದ್ದರು. ಆದರೆ ಕನ್ನಡದಲ್ಲಿ ಆ ಕೊನೆಯ ಸಾಲನ್ನು ನಾನು ಬರೆಯುತ್ತಿದ್ದೆನೇ? "ನಿಮ್ಮ ಹೋಟೆಲ್ ಬಾಗಿಲು ಹಾಕಬೇಕಿತ್ತು" ಎಂದು? ಬರೆಯುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ ಬೇರೆ ಬೇಕಿಲ್ಲ. ಆ ಮಳೆಯ ಸಂಜೆ ಬಾಯಲ್ಲಿ ಅದನ್ನು ಹೇಳಲು ಆಗಲಿಲ್ಲವಲ್ಲ. ಅನುವಾದ ಮಾಡುವಾಗ ನಾನು ಸುಳ್ಳು ಹೇಳಿದೆ ಎಂದು ಗೆಳೆಯ ಆರೋಪಿಸುತ್ತಾನೆ, ಸರಿಯೇ. ಆದರೆ ಸುಳ್ಳು ಮೊದಲೇ ಇತ್ತು. ಒಂದು ವಾರದಲ್ಲಿ ಮುಚ್ಚುತ್ತಿತ್ತು ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಅದು ನಗಿಸಲು ಬರೆದ ಸಾಲು. ನಾನು ಬಾಯಿ ಬಿಟ್ಟು ಹೇಳಲಾರದ್ದನ್ನು, ಅವರು ಓದಲಾರದ ಭಾಷೆಯಲ್ಲಿ, ಅವರ ಅನ್ನದ ಬಾಗಿಲಿಗೆ ಅಂಟಿಸಿ ಬಂದಿದ್ದೆ.

ಇದಕ್ಕೆ ಬಿಲ್ ಕೊಟ್ಟಾಗಿದೆ ಎಂಬುದು ಉತ್ತರವಾಗುವುದಿಲ್ಲ. ಬಿಲ್ಲಿನಲ್ಲಿ ಬರೆದದ್ದು ಐದು ಪ್ಲೇಟ್ ಇಡ್ಲಿ, ಐದು ಕಾಫಿ. ಅಷ್ಟರ ಬೆಲೆ ತೀರಿತು. ಮೂವತ್ತು ವರ್ಷದ ಹೋಟೆಲಿನ ಹೆಸರು ಆ ಪಟ್ಟಿಯಲ್ಲಿರಲಿಲ್ಲ, ನಾನು ಕೊಂಡಿರಲಿಲ್ಲ.

ಆಮೇಲೆ ರಿವ್ಯೂ ತಿದ್ದಿದೆ. ಕೊನೆಯ ಸಾಲು ತೆಗೆದೆ. ಸಾಂಬಾರಿನ ಬಗ್ಗೆ, ಸಿಹಿ ಇಷ್ಟಪಡುವವರಿಗಾಗಿ ಮಾಡಿದ್ದು, ಖಾರ ಬೇಕಾದವರು ಚಟ್ನಿ ಕೇಳಬಹುದು ಎಂದು ಬರೆದೆ. ಇಡ್ಲಿ ತಡವಾದದ್ದನ್ನು ಹಾಗೇ ಬಿಟ್ಟೆ, ತಡವಾಗಿತ್ತು. ಆದರೆ ಅದು ಜೂನ್ ಎಂದು ಸೇರಿಸಿದೆ. ಎರಡು ಸ್ಟಾರನ್ನು ಮೂರು ಮಾಡಿದೆ. ನಾಲ್ಕು ಮಾಡಲು ಬೆರಳು ಹೋಯಿತು, ತಡೆದೆ. ನಾಚಿಕೆಗೆ ಕೊಡುವ ಸ್ಟಾರ್ ಇಡ್ಲಿಗೆ ಸಲ್ಲುವುದಿಲ್ಲ. ಎಲ್ಲವನ್ನೂ ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷಿನಲ್ಲೂ ಹಾಕಿದೆ. ಅಡ್ಡಹೆಸರಿನ ಜಾಗದಲ್ಲಿ ನನ್ನ ಹೆಸರು.

ಹೋಗಿ ಹೇಳುವುದು ಮಾತ್ರ ಬಾಕಿ ಇತ್ತು. ಮೂರು ವಾರ ತಳ್ಳಿದೆ. ಗೆಳೆಯರಿಗೆ ನಿಯಮ ಮುರಿಯುತ್ತಿದ್ದೇನೆ ಎಂದು ಹೇಳಿ, ಒಂದು ಶನಿವಾರ ಒಬ್ಬನೇ ಹೋದೆ. ಗಲ್ಲಾದ ಮೇಲೆ ಅವರೇ ಇದ್ದರು. ಕನ್ನಡಕ ಹಣೆಗೇರಿಸಿ ನೋಡಿದರು.

"ಹೋ, ಹಾಸನದವರು. ಕೂತ್ಕೊಳ್ಳಿ. ಎಂತ ಕೊಡ್ಲಿ?"

"ಮೊದಲು ಒಂದು ಮಾತು ಅಣ್ಣ. ಆವತ್ತು ನೀವು ನನ್ನ ಹತ್ರ ಓದಿಸಿದ್ರಲ್ಲ..."

"ಹೌದು ಹೌದು, ಅದು ಈಗ ಕನ್ನಡದಲ್ಲಿ ಉಂಟು ಮಾರಾಯ್ರೆ! ನಾನೇ ಓದಿದೆ." ಮೊಬೈಲ್ ಕೈಗೆತ್ತಿಕೊಂಡು, ಬೆರಳಿನಿಂದ ಸರಿಸುತ್ತ ಹುಡುಕಿದರು. ಸಿಕ್ಕಿತು. ಓದುವವರ ಹಾಗೆ ತುಟಿ ಅಲುಗಿಸಿ, ಕೊನೆಗೆ ಹೆಸರಿನ ಹತ್ತಿರ ನಿಂತರು. ನನ್ನ ಮುಖ ನೋಡಿದರು. ಮತ್ತೆ ಮೊಬೈಲ್ ನೋಡಿದರು.

"ನಿಮ್ಮ ಹೆಸರು ಎಂತ ಹೇಳಿದ್ರಿ?" ಎಂದರು.

ಆವತ್ತು ನಾನು ಹೇಳಿರಲಿಲ್ಲ. ಈಗ ಹೇಳಿದೆ.